ರೇಡಿಯೇಟರ್ ಕೊಳ್ಳುವ ಮುಂಚೆ



ಇವತ್ತು ನಾವು ಕಾರಿನ ರೇಡಿಯೇಟರ್ ಬಗ್ಗೆ ಮಾತಾಡೋಣ. "ಕಾರಿನ ಮಾತು ಗಂಡಸರಿಗೆ, ನಮಗ್ಯಾಕವ್ವ?" ಅನ್ನಬೇಡಿ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಕಡೆ ಬಾಡಿಗೆ ಕಾರನ್ನು ನಂಬಿ ಬದುಕುವ ಮನೆಗಳಿವೆ. ಹಳೇ ಕಾರು ಕೊಳ್ಳಲು ಸಂಘದಲ್ಲಿ ಸಾಲ ಎತ್ತುವವರು ನಾವು. ಕಂತು ಕಟ್ಟುವವರೂ ನಾವೇ. ಕಾರು ನಿಂತರೆ ಕಂತೂ ನಿಲ್ಲುತ್ತೆ.

ರೇಡಿಯೇಟರ್ ಕಾರಿನ ಮುಂಭಾಗದಲ್ಲಿರುತ್ತೆ. ಅದರ ತುಂಬಾ ಸಣ್ಣ ಸಣ್ಣ ಕೊಳವೆಗಳು. ಇಂಜಿನ್‌ನಿಂದ ಬಂದ ಬಿಸಿ ನೀರು ಅವುಗಳಲ್ಲಿ ಹರಿಯುತ್ತೆ. ಗಾಳಿ ತಾಗಿ ಆರುತ್ತೆ. ಮತ್ತೆ ಇಂಜಿನ್‌ಗೆ ಹೋಗುತ್ತೆ. ಬಿಸಿ ಸಾರು ಅಗಲ ತಟ್ಟೆಯಲ್ಲಿ ಬೇಗ ಆರುವುದಿಲ್ಲವೇ? ಇದೂ ಹಾಗೇ.

ನಮ್ಮ ಕಡೆ ಅನೇಕ ಕೊಳವೆಬಾವಿಗಳ ನೀರು ಗಡಸು. ಹಂಡೆಯೊಳಗೆ ಬಿಳಿ ಪದರ ಕಟ್ಟೋದನ್ನು ನೋಡಿದ್ದೀವಿ. ಆ ನೀರು ಹಾಕಿದರೆ ರೇಡಿಯೇಟರ್ ಒಳಗೂ ಅದೇ ಪದರ ಕಟ್ಟುತ್ತೆ. ಕೊಳವೆ ಮುಚ್ಚಿಕೊಳ್ಳುತ್ತೆ. ಇಂಜಿನ್ ಕಾದು ಕೆಡುತ್ತೆ. ಇಂಜಿನ್ ಕೆಟ್ಟರೆ ಖರ್ಚು ರೇಡಿಯೇಟರ್ ಬೆಲೆಯನ್ನೂ ಮೀರಬಹುದು.

ಮೊದಲನೇ ಮಾತು. ಕಾರು ಕಾದ ಕೂಡಲೇ ಹೊಸದು ಕೊಳ್ಳಬೇಡಿ. ರಬ್ಬರ್ ಪೈಪು ಸೋರುತ್ತಿದೆಯೇ? ಫ್ಯಾನು ತಿರುಗುತ್ತಿದೆಯೇ? ಮುಚ್ಚಳದ ರಬ್ಬರ್ ಸವೆದಿದೆಯೇ? ಇವನ್ನು ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿಯೋಣ. ತಾಮ್ರ, ಹಿತ್ತಾಳೆಯ ಹಳೇ ರೇಡಿಯೇಟರ್ ತೂತಾದರೆ ಬೆಸುಗೆ ಹಾಕಬಹುದು. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಸೇರಿದ್ದು ಒಡೆದರೆ ಸಾಮಾನ್ಯವಾಗಿ ಬದಲಾಯಿಸಬೇಕು.

ಎರಡನೇ ಮಾತು. ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿ ಬರೆಯೋಣ. ಕಾರಿನ ಹೆಸರು, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ, ಎ.ಸಿ. ಇದೆಯೋ ಇಲ್ಲವೋ. ಆರ್.ಸಿ.ಯಲ್ಲಿರುವ ಚಾಸಿ ನಂಬರೂ ಇರಲಿ. ಒಂದೇ ಹೆಸರಿನ ಕಾರಿಗೂ ರೇಡಿಯೇಟರ್ ಬೇರೆ ಬೇರೆ ಇರಬಹುದು.

ಮೂರನೇ ಮಾತು. ಹಳೇದನ್ನು ಜೊತೆಗೆ ಒಯ್ಯೋಣ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಉದ್ದ, ಅಗಲ, ದಪ್ಪ ಸರಿ ಇರಬೇಕು. ಪೈಪಿನ ಬಾಯಿ, ಬೋಲ್ಟ್ ಹಾಕುವ ಜಾಗ ಸರಿ ಇರಬೇಕು. ಮುಚ್ಚಳದ ಮೇಲೆ 0.9, 1.1 ಹೀಗೆ ಅಂಕಿ ಇರುತ್ತೆ. ನಮ್ಮ ಕಾರಿಗೆ ಹೇಳಿದ ಅಂಕಿಯೇ ಇರಬೇಕು.

"ಗುಜರಿಯಲ್ಲಿ ಅಗ್ಗಕ್ಕೆ ಐತೆ" ಅಂತಾರೆ. ಹೊರಗೆ ತೊಳೆದು ಬಣ್ಣ ಹೊಡೆದಿರಬಹುದು. ಒಳಗೆ ಕಟ್ಟಿದ ಪದರ ಕಣ್ಣಿಗೆ ಕಾಣುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ, ನೀರು ಬಿಟ್ಟು, ಗಾಳಿ ಒತ್ತಿ ಪರೀಕ್ಷೆ ಮಾಡಿಸದೆ ತರಬೇಡಿ.

ನಾಲ್ಕನೇ ಮಾತು. ಹೊಸದಕ್ಕೆ ಗಡಸು ನೀರು ಬೇಡ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲಂಟ್ ಹಾಕಿಸೋಣ. ನೀರು ಬೆರೆಸಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸೋಣ. ಕೂಲಂಟ್ ವಿಷ. ರುಚಿ ಸಿಹಿ, ಅದಕ್ಕೇ ಅಪಾಯ ಹೆಚ್ಚು. ಮಕ್ಕಳು, ದನಕರು, ನಾಯಿಗೆ ಸಿಗದಂತೆ ಇಡಿ. ಇಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತೆ.

ಕೊನೇ ಮಾತು. ಬಿಲ್ಲು ಕೇಳಿ ಪಡೆಯಿರಿ. ಅಂಗಡಿ ಹೆಸರು, ತಾರೀಖು, ವಸ್ತುವಿನ ಹೆಸರು, ಬೆಲೆ ಓದಿ ನೋಡಿ. ಡಬ್ಬದ ಮೇಲಿನ ಎಂ.ಆರ್.ಪಿ.ಗಿಂತ ಹೆಚ್ಚು ಕೊಡಬೇಡಿ. "ಗ್ಯಾರಂಟಿ ಐತೆ" ಅಂತ ಬಾಯಲ್ಲಿ ಹೇಳಿದರೆ ಸಾಲದು. ಎಷ್ಟು ತಿಂಗಳು ಅಂತ ಬರೆಸಿಕೊಳ್ಳಿ. ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ನಮಗೆ ದೂರು ಕೊಡುವ ಹಕ್ಕು ಕೊಟ್ಟಿದೆ. ಆಗ ಕೈಯಲ್ಲಿರುವ ಬಿಲ್ಲೇ ನಮ್ಮ ಸಾಕ್ಷಿ.

ನಾವು ಕಲಿತ ಅಕ್ಷರ ಹೆಬ್ಬೆಟ್ಟು ಬಿಡಿಸಿತು. ಈಗ ಬಿಲ್ಲನ್ನೂ ಓದಿಸಲಿ. ಮನೆಯಲ್ಲಿ ಕಾರು ಇರುವವರು ಮುಂದಿನ ಸಂಘದ ಸಭೆಗೆ ಆ ಚೀಟಿ ಬರೆದು ತನ್ನಿ. ಎಲ್ಲರೂ ಸೇರಿ ಓದೋಣ.