ಕತ್ತರಿಸಿದ ಗಂಟು ಎಲ್ಲಿಗೆ ಹೋಗಬೇಕು?



1965ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ರೋನೆಮಾರ್ಕ್ ಅವರು ಮೊದಲ ರೋಗಿಗೆ ಹಲ್ಲಿನ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ಮೂಳೆ ಲೋಹವನ್ನು ಹಿಡಿದುಕೊಂಡಿತೇ ಎಂಬುದೇ ಬಹುಕಾಲ ದಂತವೈದ್ಯರಾದ ನಮ್ಮ ದೊಡ್ಡ ಚಿಂತೆಯಾಗಿತ್ತು. ಅದರ ಸುತ್ತಲಿನ ವಸಡಿಗೂ ಅಷ್ಟೇ ಗಮನ ಸಿಗಲಿ ಎಂಬುದು ಇಂದಿನ ಸಂಕಿರಣದ ಆಶಯ.

ಸಹಜ ಹಲ್ಲಿನ ಬೇರಿನೊಳಕ್ಕೆ ವಸಡಿನ ನಾರುಗಳು ನಾಟಿಕೊಂಡಿರುತ್ತವೆ. ಇಂಪ್ಲಾಂಟಿಗೆ ಆ ಬಂಧವಿಲ್ಲ. ನಾರುಗಳು ಲೋಹದ ಪಕ್ಕದಲ್ಲೇ ಹಾದುಹೋಗುತ್ತವೆ. ಪೆರಿಯೊಡಾಂಟಲ್ ಲಿಗಮೆಂಟಿನಿಂದ ಸಿಗುವ ರಕ್ತವೂ ಅಲ್ಲಿಲ್ಲ. ಅಂಥ ಜಾಗದಲ್ಲಿ ಪ್ಲಾಕ್ ಕೂತರೆ, ಕ್ಯಾಪ್ ಅಂಟಿಸಿದ ಸಿಮೆಂಟಿನ ಚೂರು ಉಳಿದರೆ, ಸ್ಕ್ರೂ ಸಡಿಲಾದರೆ, ವಸಡು ಕೆರಳಿ ಬೆಳೆಯಬಹುದು. ಪಯೋಜೆನಿಕ್ ಗ್ರ್ಯಾನುಲೋಮಾ, ಪೆರಿಫೆರಲ್ ಜಯಂಟ್ ಸೆಲ್ ಗ್ರ್ಯಾನುಲೋಮಾ ಇಂಥವು. ಎರಡೂ ಕ್ಯಾನ್ಸರ್ ಅಲ್ಲ. ಹೆಚ್ಚಾಗಿ ನೋವೂ ಇರುವುದಿಲ್ಲ. ಹಲ್ಲುಜ್ಜುವಾಗ ರಕ್ತ ಬಂದಾಗಲೇ ರೋಗಿ ನಮ್ಮ ಬಳಿ ಬರುವುದು.

ಜಯಂಟ್ ಸೆಲ್ ಗ್ರ್ಯಾನುಲೋಮಾ ಹಟಮಾರಿ. ಕೆಳಗಿನ ಮೂಳೆಯನ್ನೂ ಸವೆಸಬಲ್ಲದು, ಮೇಲ್ಮೇಲೆ ಮಾತ್ರ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬುಡದವರೆಗೆ ತೆಗೆದು, ಕ್ಯುರೆಟ್ ಮಾಡಿ, ಕೆರಳಿಸಿದ ಕಾರಣವನ್ನೂ ನಿವಾರಿಸಬೇಕು. ಕೆಲವೊಮ್ಮೆ ಇಂಪ್ಲಾಂಟನ್ನೇ ಬಿಟ್ಟುಕೊಡಬೇಕಾಗುತ್ತದೆ. ವರದಿಯಲ್ಲಿ ಜಯಂಟ್ ಸೆಲ್ ಎಂದು ಬಂದರೆ ರಕ್ತದ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸಿ. ಹೈಪರ್‌ಪ್ಯಾರಾಥೈರಾಯ್ಡಿಸಂನ ಬ್ರೌನ್ ಟ್ಯೂಮರ್ ಸೂಕ್ಷ್ಮದರ್ಶಕದಡಿ ಇದರಂತೆಯೇ ಕಾಣುತ್ತದೆ.

ಈಗ ನನ್ನ ಮುಖ್ಯ ಬೇಡಿಕೆ. ಕತ್ತರಿಸಿದ ಒಂದು ತುಣುಕೂ ಕಸದ ಬುಟ್ಟಿ ಸೇರಬಾರದು. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಪೆರಿ-ಇಂಪ್ಲಾಂಟೈಟಿಸ್‌ನ ವೇಷದಲ್ಲಿ ಬಂದದ್ದು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ. ಬೇರೆ ಅಂಗದ ಕ್ಯಾನ್ಸರ್ ವಸಡಿಗೆ ಹರಡಿ ಇಂಥದೇ ಗಂಟಾಗಿ ಕಂಡದ್ದೂ ಇದೆ. ಅಡಿಕೆ, ಹೊಗೆಸೊಪ್ಪು ಜಗಿಯುವವರು ಇಷ್ಟೊಂದು ಮಂದಿ ಇರುವ ನಮ್ಮ ನಾಡಿನಲ್ಲಿ ‘ನೋಡಿದರೇ ಗೊತ್ತಾಗುತ್ತದೆ, ಬಯಾಪ್ಸಿ ಯಾಕೆ’ ಎನ್ನುವ ಧೈರ್ಯ ನನಗೆ ಒಪ್ಪಿಗೆಯಿಲ್ಲ. ಲೇಸರಿನಿಂದ ಗಂಟನ್ನು ಆವಿ ಮಾಡಿಬಿಟ್ಟರೆ ಪರೀಕ್ಷೆಗೆ ಉಳಿಯುವುದೇನು? ಲೇಸರ್ ಬಳಸುವವರು ಬಳಸಲಿ, ಆದರೆ ಅಂಗಾಂಶ ಮೊದಲು ಕೈಗೆ ಬರಲಿ.

ತುಣುಕನ್ನು ಪರೀಕ್ಷೆಗೆ ಕಳುಹಿಸಲು ಅದರ ಹತ್ತುಪಟ್ಟು ಪ್ರಮಾಣದ ಶೇ. 10 ಫಾರ್ಮಲಿನ್ ಇದ್ದರೆ ಸಾಕು, ಅದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಫಾರ್ಮಿನಲ್ಲಿ ‘ವಸಡಿನ ಗಂಟು’ ಎಂದಷ್ಟೇ ಬರೆದು ಕಳುಹಿಸಬೇಡಿ. ಪಕ್ಕದಲ್ಲಿ ಇಂಪ್ಲಾಂಟ್ ಇದೆ, ಎಕ್ಸ್‌-ರೇಯಲ್ಲಿ ಮೂಳೆ ಇಷ್ಟು ಇಳಿದಿದೆ, ರೋಗಿ ಆಮ್ಲೋಡಿಪಿನ್ ಅಥವಾ ಫೆನಿಟಾಯಿನ್ ನುಂಗುತ್ತಿದ್ದಾರೆ ಎಂದು ತಿಳಿಸಿದರೆ ಪೆಥಾಲಜಿಯವರ ಓದೇ ಬದಲಾಗುತ್ತದೆ.

ಇಂದಿನ ಗೋಷ್ಠಿಗಳಲ್ಲಿ ಇಂಪ್ಲಾಂಟ್ ಹಾಕುವವರೂ ಸ್ಲೈಡ್ ಓದುವವರೂ ಒಟ್ಟಿಗೆ ಕೂರಬೇಕೆಂದು ಕೋರುತ್ತೇನೆ. ಯಶಸ್ವಿಯಾದ ಕೇಸುಗಳ ಜೊತೆಗೆ ಮರಳಿ ಬಂದ ಗಂಟುಗಳ ಎಕ್ಸ್‌-ರೇ, ವರದಿಗಳನ್ನೂ ಮುಂದಿಡಿ; ಮೊದಲ ಗೋಷ್ಠಿಯ ಚರ್ಚೆ ಅವುಗಳಿಂದಲೇ ಶುರುವಾಗಲಿ.