ಪಿತೃಸ್ಮರಣೆ: ಹೆಸರು, ಗೋತ್ರ, ಬದುಕು

(ಮಹಾಲಯದ ಸಂದರ್ಭದ ಉಪನ್ಯಾಸದ ಲಿಖಿತರೂಪ)



ಭಾದ್ರಪದ ಬಹುಳ ಪಾಡ್ಯದಿಂದ ಅಮಾವಾಸ್ಯೆಯವರೆಗಿನ ಪಕ್ಷವು ಪಿತೃಗಳಿಗೆ ಮೀಸಲಾದುದು. ಅಹಮದಾಬಾದು, ವಡೋದರಾ, ಸೂರತ್ತುಗಳಲ್ಲಿ ನೆಲೆಸಿರುವ ಮಾಧ್ವ ಮನೆತನಗಳು ಊರಿನಿಂದ ದೂರವಿದ್ದರೂ ಈ ಕರ್ತವ್ಯವನ್ನು ಬಿಟ್ಟಿಲ್ಲ. ನೆರೆಹೊರೆಯ ಗುಜರಾತಿ ಮನೆಗಳಲ್ಲಿಯೂ ಇವೇ ಶ್ರಾದ್ಧದ ದಿನಗಳು. ವರ್ಷಾರಂಭವು ಕನ್ನಡಿಗರಿಗೆ ಯುಗಾದಿ, ಗುಜರಾತಿಗಳಿಗೆ ಕಾರ್ತಿಕ ಶುದ್ಧ ಪಾಡ್ಯ ಎಂಬ ಭೇದವಿದ್ದರೂ ಮಾಸಗಣನೆ ಇಬ್ಬರದೂ ಅಮಾಂತವೇ.

ಶ್ರಾದ್ಧದಲ್ಲಿ ಕರ್ತೃವು ಮೂರು ತಲೆಮಾರುಗಳನ್ನು ಹೆಸರು, ಗೋತ್ರ, ರೂಪಗಳಿಂದ ಉಚ್ಚರಿಸುತ್ತಾನೆ. ತಂದೆ ವಸುರೂಪಿ, ಅಂತರ್ಯಾಮಿ ಪ್ರದ್ಯುಮ್ನ. ಅಜ್ಜ ರುದ್ರರೂಪಿ, ಅಂತರ್ಯಾಮಿ ಸಂಕರ್ಷಣ. ಮುತ್ತಜ್ಜ ಆದಿತ್ಯರೂಪಿ, ಅಂತರ್ಯಾಮಿ ವಾಸುದೇವ. ಹೊಸದೊಂದು ಹೆಸರು ಈ ಸಾಲಿಗೆ ಸೇರಿದಾಗ ಅತ್ಯಂತ ಹಳೆಯ ಹೆಸರು ಸಾಲಿನಿಂದ ಸರಿಯುತ್ತದೆ. ಇದು ಶಾಸ್ತ್ರದ ಕ್ರಮ. ಇದರಲ್ಲಿ ಕೊರತೆಯೇನೂ ಇಲ್ಲ. ಆದರೆ ಸಂಕಲ್ಪವು ಕಾಪಾಡುವುದು ಮಾಸ, ಪಕ್ಷ, ತಿಥಿಗಳನ್ನು. ಆ ಹಿರಿಯರು ಯಾವ ವರ್ಷ ತೀರಿದರು, ಯಾವ ಊರಿನಲ್ಲಿ, ಯಾವ ಕಾಯಿಲೆಯಿಂದ, ಅದುವರೆಗೆ ಹೇಗೆ ಬದುಕಿದರು ಎಂಬುದನ್ನು ಕಾಪಾಡುವ ಹೊಣೆ ಮನೆಯವರದು.

ಹಿಂದೆ ಈ ಹೊಣೆಯನ್ನು ಊರೇ ಹೊರುತ್ತಿತ್ತು. ಹೊಲದ ಬದು, ಹಿತ್ತಲ ಬಾವಿ, ಪಡಸಾಲೆಯ ಕಂಬ, ಪ್ರತಿಯೊಂದಕ್ಕೂ ಒಬ್ಬ ಹಿರಿಯರ ಹೆಸರು ಅಂಟಿಕೊಂಡಿರುತ್ತಿತ್ತು. ಆ ಊರು ಹಲವರಿಗೆ ಇಂದು ಇಲ್ಲ. 1948ರ ಮುಂಬಯಿ ಗೇಣಿ ಕಾಯಿದೆ, 1950ರ ಕುಲಕರ್ಣಿ ವತನ ರದ್ದತಿ, 1974ರ ಕರ್ನಾಟಕ ಭೂಸುಧಾರಣೆ, ಇವುಗಳಿಂದ ಉಳುವವನಿಗೆ ಭೂಮಿ ದೊರೆಯಿತು. ವತನದ ಮನೆತನಗಳು ನೌಕರಿಯನ್ನು ಅರಸಿ ಹೊರಟವು. ಕೃಷ್ಣಾತೀರದ ಎಷ್ಟೋ ಹಳ್ಳಿಗಳು, ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಸೇರಿ, ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದವು. ತಾಪಿಯ ಉಕಾಯ್ ಅಣೆಕಟ್ಟಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟವರ ಸಂಕಟವನ್ನು ಬಲ್ಲ ಸೂರತ್ತಿನವರಿಗೆ ಇದನ್ನು ವಿವರಿಸಬೇಕಿಲ್ಲ. ವಿಪರ್ಯಾಸವೊಂದಿದೆ. ಇಡೀ ಗ್ರಾಮದ ಲೆಕ್ಕಪತ್ರವನ್ನು ತಲೆಮಾರುಗಳ ಕಾಲ ಬರೆದ ಕುಲಕರ್ಣಿ ಮನೆತನಗಳಲ್ಲಿ ಸ್ವಂತ ಮುತ್ತಜ್ಜಿಯ ತವರಿನ ಹೆಸರನ್ನು ಬರೆದಿಟ್ಟವರು ವಿರಳ.

ಊರು ತೊರೆದವರ ಸ್ಮರಣೆ ಅಳಿಯಲೇಬೇಕೆಂಬ ನಿಯಮವಿಲ್ಲ. ಶ್ರೀರಾಘವೇಂದ್ರತೀರ್ಥರ ಪೂರ್ವಾಶ್ರಮದ ವಂಶವೇ ಇದಕ್ಕೆ ನಿದರ್ಶನ. ಮುತ್ತಾತ ಕೃಷ್ಣಭಟ್ಟರು ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರು. ಅವರ ಮಗ ಕನಕಾಚಲಭಟ್ಟರು. ಅವರ ಮಗ ತಿಮ್ಮಣ್ಣಭಟ್ಟರು. 1565ರಲ್ಲಿ ವಿಜಯನಗರವು ಪತನವಾದ ಮೇಲೆ ಕುಟುಂಬವು ತಮಿಳು ನಾಡಿಗೆ ಸರಿಯಿತು; ವೆಂಕಟನಾಥರು ಜನಿಸಿದ್ದು ಭುವನಗಿರಿಯಲ್ಲಿ. ರಾಜ್ಯ ಹೋಯಿತು, ಆಶ್ರಯ ಹೋಯಿತು, ಊರು ಹೋಯಿತು. ಆದರೂ ಮುತ್ತಾತನ ವೀಣೆಯ ಮಾತು ಉಳಿದು ನಾರಾಯಣಾಚಾರ್ಯರ ರಾಘವೇಂದ್ರವಿಜಯದಲ್ಲಿ ಸ್ಥಾನ ಪಡೆಯಿತು. ಮನೆಯಲ್ಲಿ ಹೇಳುವವರಿದ್ದರು, ಕೇಳುವವರಿದ್ದರು, ಬರೆಯುವವರೊಬ್ಬರು ಹುಟ್ಟಿದರು.

ನಮ್ಮ ಪರಂಪರೆಯು ದುಃಖದ ಸಂಗತಿಗಳನ್ನೂ ಮುಚ್ಚಿಡಲಿಲ್ಲ. ಶ್ರೀಮಧ್ವಾಚಾರ್ಯರ ಅವತಾರಕ್ಕೆ ಮುನ್ನ ತಂದೆತಾಯಿಗಳು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡಿದ್ದರೆಂಬುದು ಸುಮಧ್ವವಿಜಯದಿಂದ ತಿಳಿಯುತ್ತದೆ. ಪತಿಯು ಸನ್ಯಾಸ ಸ್ವೀಕರಿಸಿದಾಗ ಸರಸ್ವತೀಬಾಯಿಯವರು ಬಾವಿಯ ಪಾಲಾದುದನ್ನೂ ಸಂಪ್ರದಾಯವು ನೆನಪಿಟ್ಟುಕೊಂಡಿದೆ. ಮಹಾಲಯದ ದಿನಗಳ ವಿಂಗಡಣೆಯೂ ಇದನ್ನೇ ಸಾರುತ್ತದೆ. ಮುತ್ತೈದೆಯಾಗಿ ತೀರಿದವರಿಗೆ ಅವಿಧವಾ ನವಮಿ, ಯತಿಗಳಿಗೆ ದ್ವಾದಶಿ, ಶಸ್ತ್ರಾದಿಗಳಿಂದ ಹತರಾದವರಿಗೆ ಚತುರ್ದಶಿ, ಎಲ್ಲರಿಗೂ ಸೇರಿ ಅಮಾವಾಸ್ಯೆ. ಯಾವ ಬಗೆಯ ಮರಣವನ್ನೂ ಶಾಸ್ತ್ರವು ಲೆಕ್ಕದಿಂದ ಹೊರಗಿಟ್ಟಿಲ್ಲವೆಂದ ಮೇಲೆ ಮನೆಯವರು ಹೊರಗಿಡುವುದೇಕೆ?

ಹೊರಗುಳಿದವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಬಾಲ್ಯದಲ್ಲಿಯೇ ಪತಿಯನ್ನು ಕಳೆದುಕೊಂಡು, ಕೇಶಮುಂಡನ ಮಾಡಿಸಿಕೊಂಡು, ತವರಿನ ಮಡಿ ಅಡಿಗೆಮನೆಯಲ್ಲಿ ಆಯುಷ್ಯವನ್ನೆಲ್ಲ ಸವೆಸಿದ ಸೋದರತ್ತೆಯರು ಯಾವ ಮನೆತನದಲ್ಲಿ ಇರಲಿಲ್ಲ? ಅವರ ಕೈಯ ಅನ್ನವನ್ನುಂಡು ಮೂರು ತಲೆಮಾರುಗಳು ಬೆಳೆದವು. ಅವರಿಗೆ ತಿಥಿ ಮಾಡುವ ಮಕ್ಕಳಿರಲಿಲ್ಲ. ಮಹಾಲಯದ ತರ್ಪಣದಲ್ಲಿ ತಂದೆಯ ಸಹೋದರಿಗೂ ಎಳ್ಳುನೀರು ಉಂಟು. ಆದರೆ ಪುರೋಹಿತರು 'ಹೆಸರು?' ಎಂದು ಕೇಳಿದಾಗ ಕರ್ತೃವಿಗೆ ತಿಳಿದಿರುವುದು 'ಮಡಿ ಅಜ್ಜಿ' ಎಂಬುದಿಷ್ಟೇ. ಎಳವೆಯಲ್ಲಿ ತೀರಿದ ಮಕ್ಕಳಿಗೆ ವಾರ್ಷಿಕ ಶ್ರಾದ್ಧವೂ ಇಲ್ಲದ್ದರಿಂದ ಅವರ ಹೆಸರು ತಾಯಿಯೊಡನೆಯೇ ಹೋಗುತ್ತದೆ.

ಮರೆತ ವರ್ಷಗಳನ್ನು ಕೆಲವು ಕಡೆ ಮರಳಿ ಪಡೆಯಬಹುದು. ಹಿರಿಯರು ಇಸವಿ ಹೇಳದಿದ್ದರೂ ಸಂವತ್ಸರವನ್ನು ಹೇಳುತ್ತಾರೆ. 'ಧಾತು-ಈಶ್ವರದ ಬರದಲ್ಲಿ' ಎಂದರೆ 1876–78ರ ಮಹಾಕ್ಷಾಮ. ವಿಕಾರಿ ಸಂವತ್ಸರ 1899–1900. ಗುಜರಾತಿನ ಮುದುಕರು 'ಛಪ್ಪನಿಯೋ' ಎಂದು ಇಂದಿಗೂ ನಡುಗಿ ನೆನೆಯುವ ವಿಕ್ರಮ ಸಂವತ್ 1956ರ ಬರಗಾಲವೂ ಅದೇ. ಕಾಳಯುಕ್ತಿಯ ಶರತ್ಕಾಲದಲ್ಲಿ ಒಂದೇ ಮನೆಯಲ್ಲಿ ಇಬ್ಬರು ಮೂವರು ಜ್ವರದಿಂದ ತೀರಿದ್ದರೆ, ಅದು 1918ರ ಇನ್‌ಫ್ಲುಯೆಂಜಾ ಎಂದು ಊಹಿಸಲು ಬಲವಾದ ಆಧಾರವಿದೆ. ಆ ಹಾವಳಿಯಿಂದಾಗಿ 1911ರಿಂದ 1921ರವರೆಗಿನ ದಶಕದಲ್ಲಿ ಭಾರತದ ಜನಸಂಖ್ಯೆಯೇ ತಗ್ಗಿತು. 'ಊರು ಬಿಟ್ಟು ಹೊಲದ ಗುಡಿಸಲಲ್ಲಿದ್ದಾಗ' ಎಂಬ ಮಾತು ಬಂದರೆ 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಒಳನಾಡಿಗೆ ಹರಡಿದ ಪ್ಲೇಗಿನ ದಿನಗಳನ್ನು ನೆನೆಯಬೇಕು. ಸಂವತ್ಸರವು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಇನ್ನೊಂದು ಸಂಗತಿಯೊಡನೆ ತಾಳೆ ನೋಡುವುದು ಅವಶ್ಯ.

ವಂಶಸ್ಮರಣೆಯನ್ನೇ ವೃತ್ತಿಯಾಗಿ ಕೈಗೊಂಡವರು ಎರಡೂ ನಾಡುಗಳಲ್ಲಿದ್ದಾರೆ. ಕರ್ನಾಟಕದಲ್ಲಿ ಎತ್ತನ್ನೇರಿ ಬರುತ್ತಿದ್ದ ಹೆಳವರು ಒಕ್ಕಲು ಮನೆಗಳ ಅಂಗಳದಲ್ಲಿ ಅವರವರ ವಂಶಾವಳಿಯನ್ನು ಹೇಳಿ ಕಾಳುಕಡ್ಡಿ ಪಡೆಯುತ್ತಿದ್ದರು. ಗುಜರಾತಿನ ವಹೀವಂಚಾ ಬಾರೋಟರು ಯಜಮಾನರ ಮನೆಯ ಪೀಳಿಗೆಗಳನ್ನು ವಹಿಗಳಲ್ಲಿ ದಾಖಲಿಸುತ್ತ ಬಂದಿದ್ದಾರೆ. ಮಾಧ್ವ ಮನೆಗಳಿಗೆ ಹಾಗೆ ಬಂದು ಬರೆದುಕೊಳ್ಳುವವರಿಲ್ಲ, ಮನೆಯವರೇ ಬರೆಯಬೇಕು.

ಬರೆಯುವುದು ಕಷ್ಟದ ಕೆಲಸವಲ್ಲ. ಒಂದು ಗಟ್ಟಿ ರಟ್ಟಿನ ವಹಿ ಸಾಕು. ಒಬ್ಬೊಬ್ಬರಿಗೆ ಒಂದು ಪುಟ: ಹೆಸರು, ಹೆಂಗಸರಾದರೆ ತವರಿನ ಹೆಸರು ಮತ್ತು ತವರೂರು, ಸಂವತ್ಸರ, ಇಸವಿ, ತಿಥಿ, ತೀರಿದ ಸ್ಥಳ, ಕಾರಣ. ಅದರ ಕೆಳಗೆ ಅವರ ಬದುಕಿನ ಎರಡು ಮಾತು: ಯಾವ ಹಾಡು ಹೇಳುತ್ತಿದ್ದರು, ಯಾರ ಕಷ್ಟಕ್ಕೆ ಆದರು, ಯಾವ ಜಗಳವನ್ನು ಮರೆಯದೆ ಹೋದರು. ನಿಶ್ಚಿತವಾಗಿ ತಿಳಿಯದ್ದನ್ನು 'ಕೇಳಿಕೆ' ಎಂದು ಗುರುತಿಸಬೇಕು. ಕನ್ನಡ ಓದಲು ಬಾರದ ಮೊಮ್ಮಕ್ಕಳಿದ್ದರೆ ಗುಜರಾತಿಯಲ್ಲಿಯೂ ಬರೆದಿಡಲಿ.

ಕಪಿಲರೂಪಿ ಭಗವಂತನು ತಾಯಿ ದೇವಹೂತಿಗೆ ತತ್ತ್ವವನ್ನು ಉಪದೇಶಿಸಿದ ಸ್ಥಳವೆಂದು ಪ್ರಸಿದ್ಧವಾದ ಸಿದ್ಧಪುರದ ಬಿಂದುಸರೋವರವು ಅಹಮದಾಬಾದಿನಿಂದ ದೂರವಿಲ್ಲ, ಅದು ಮಾತೃಗಯೆ. ವಡೋದರೆಯವರಿಗೆ ನರ್ಮದಾತೀರದ ಚಾಣೋದ, ಸೂರತ್ತಿನವರಿಗೆ ತಾಪಿ. ಅಲ್ಲಿಗೆ ಹೊರಡುವ ಮುನ್ನ ಮನೆಯ ಅತ್ಯಂತ ಹಿರಿಯ ಜೀವದ ಬಳಿ ಒಂದು ಸಂಜೆ ಕುಳಿತು ಕೇಳಬೇಕು. ಹಳ್ಳಿಯ ಮನೆಯನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಇಂದು ಎಂಬತ್ತು, ತೊಂಬತ್ತರ ಪ್ರಾಯದಲ್ಲಿದೆ. ಮುಂದಿನ ಮಹಾಲಯಕ್ಕೆ ಕೇಳೋಣವೆಂದರೆ ಅವರ ಹೆಸರೇ ಸಂಕಲ್ಪದಲ್ಲಿ ಸೇರಿರಬಹುದು.

ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು.