ಓದಿದ್ದರ ಲೆಕ್ಕ ಯಾರ ಸೊತ್ತು?

(ಮಾನ್ವಿಯ ವಿದ್ಯಾರ್ಥಿ–ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಗೆ ಹೋದವರು ಹಾಜರಿ ಬರೆಯಿಸದೆ ಮನೆಗೆ ಮರಳುವುದಿಲ್ಲ. ಓದಿಗೂ ಅಂಥ ಹಾಜರಿ ಉಂಟು. ಅದರ ಹೆಸರು ಕ್ರೆಡಿಟ್. ವಾರಕ್ಕೊಂದು ಗಂಟೆಯಂತೆ ಹದಿನೈದು ವಾರ ಪಾಠ ಕೇಳಿ ಪಾಸಾದರೆ ಒಂದು ಕ್ರೆಡಿಟ್.

ಬರ ಬಿದ್ದು ಮನೆಮಂದಿಯೆಲ್ಲ ಬೆಂಗಳೂರಿಗೆ ದುಡಿಯಲು ಹೊರಟರೆ, ಮದುವೆಯಾಗಿ ಮಗಳು ಬೇರೆ ಜಿಲ್ಲೆ ಸೇರಿದರೆ, ನಡುವೆ ನಿಂತ ಓದಿನ ಗತಿಯೇನು? ಉಳ್ಳವರು ಮತ್ತೆ ಮೊದಲಿನಿಂದ ಫೀ ಕಟ್ಟಿಯಾರು. ನಾವು ಎಲ್ಲಿಂದ ತರೋಣ?

ಇದಕ್ಕೆಂದೇ 2021ರ ಜುಲೈಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕ್ರೆಡಿಟ್ ಬ್ಯಾಂಕಿನ ನಿಯಮ ಹೊರಡಿಸಿತು. ಖಾತೆ ವಿದ್ಯಾರ್ಥಿಯ ಹೆಸರಿನಲ್ಲಿ; ಜಮೆ ಮಾಡುವುದು ವಿದ್ಯಾಸಂಸ್ಥೆ. ಆ ನಿಯಮದಂತೆ ಜಮೆಗೆ ಹೆಚ್ಚೆಂದರೆ ಏಳು ವರ್ಷ ಬೆಲೆ. ಅರ್ಧದಷ್ಟಾದರೂ ಕ್ರೆಡಿಟ್ಟನ್ನು ಪದವಿ ಕೊಡುವ ಸಂಸ್ಥೆಯಲ್ಲಿಯೇ ಗಳಿಸಬೇಕು.

ಏರ್ಪಾಡು ಒಳ್ಳೆಯದೇ. ಆದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ನಮಗೆ ಒಂದು ಮಾತು ಯಾರೂ ಹೇಳಿಕೊಡಬೇಕಾಗಿಲ್ಲ: ಅಣೆಕಟ್ಟು ತುಂಬಿದ ಮಾತ್ರಕ್ಕೆ ನಮ್ಮ ಹೊಲಕ್ಕೆ ನೀರು ಬಂದಂತಲ್ಲ. ಬ್ಯಾಂಕಿನಲ್ಲಿ ಕ್ರೆಡಿಟ್ ಇದ್ದರೂ ಹೊಸ ಕಾಲೇಜು ‘ನಿಮ್ಮ ಪಠ್ಯ ನಮ್ಮ ಪಠ್ಯಕ್ಕೆ ಹೊಂದದು’ ಎಂದರೆ ಬಾಗಿಲು ಮುಚ್ಚಿತು.

ಪಠ್ಯವನ್ನು ಬದಲಿಸಿದವರು ವಿದ್ಯಾರ್ಥಿಗಳೇ? ನಮ್ಮ ಜಿಲ್ಲೆಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೆ, ಈಚೆಗೆ ರಾಯಚೂರಿನದೇ ವಿಶ್ವವಿದ್ಯಾಲಯಕ್ಕೆ ಸೇರಿದವು. ಊರು ಇದ್ದಲ್ಲೇ ಇತ್ತು, ಯಜಮಾನರು ಬದಲಾದರು. ರಾಜ್ಯದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮ ಬಂತು. 2024–25ರಿಂದ ಮರಳಿ ಮೂರು ವರ್ಷ. ಆಳುವವರ ಈ ಅದಲುಬದಲಿನ ದಂಡವನ್ನು ಬಡವರ ಮಕ್ಕಳು ಏಕೆ ತೆರಬೇಕು?

ಆದ್ದರಿಂದ ನಮ್ಮ ಬೇಡಿಕೆ ಮೂರು. ಫಲಿತಾಂಶ ಬಂದೊಡನೆ ಕ್ರೆಡಿಟ್ ಜಮೆಯಾಗಬೇಕು. ರಾಜ್ಯದ ವಿಶ್ವವಿದ್ಯಾಲಯಗಳು ಯಾವ ವಿಷಯ ಯಾವುದಕ್ಕೆ ಸಮವೆಂಬ ಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು. ಒಪ್ಪದಿದ್ದರೆ ಕಾರಣವನ್ನು ಬರೆದು ಕೊಡಬೇಕು; ಅದರ ಮೇಲೆ ಅಪೀಲಿಗೆ ಅವಕಾಶವಿರಬೇಕು.

ವಿದ್ಯಾರ್ಥಿಗಳೇ, ನಿಮ್ಮ ಕೆಲಸವೂ ಒಂದಿದೆ. ಖಾತೆ ತೆರೆಯಿರಿ. ಪ್ರತಿ ಸೆಮಿಸ್ಟರಿನ ಜಮೆಯನ್ನು ನೋಡಿಕೊಳ್ಳಿರಿ. ಬಾರದಿದ್ದರೆ ಕಾಲೇಜಿಗೆ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋದರೆ ನಾಳೆ ಬಾ ಎಂದಾರು. ಹತ್ತು ಮಂದಿ ಕೂಡಿ ಹೋಗಿರಿ, ನಾವೂ ಜೊತೆಗೆ ಬರುತ್ತೇವೆ.

ದುಡಿದವನ ಕೂಲಿ ದುಡಿದವನಿಗೆ. ಓದಿದವಳ ಓದು ಓದಿದವಳಿಗೇ ಸೇರತಕ್ಕದ್ದು.